ಪಿಟ್ಸ್‌ಬರ್ಗ್ ಕಾದು ಗೆದ್ದ ಕಥೆ

1969ರ ಜನವರಿಯಲ್ಲಿ 37 ವರ್ಷದ ಚಕ್ ನೋಲ್ ಅಮೆರಿಕದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಕೋಚ್ ಆದರು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆ ತಂಡಕ್ಕೆ ಸೋಲೇ ರೂಢಿಯಾಗಿತ್ತು. 1933ರಲ್ಲಿ ಹುಟ್ಟಿದ್ದರೂ ಒಂದೇ ಒಂದು ಪ್ಲೇಆಫ್ ಪಂದ್ಯ ಗೆದ್ದಿರಲಿಲ್ಲ. ನೋಲ್ ಮೊದಲಿಗೆ ಆರಿಸಿದ್ದು ನಾರ್ತ್ ಟೆಕ್ಸಾಸ್‌ನ ಜೋ ಗ್ರೀನ್ ಅವರನ್ನು. ‘ಯಾರೀ ಜೋ ಗ್ರೀನ್?’ ಎಂದು ಊರಿನ ಪತ್ರಿಕೆ ತಲೆಬರಹ ಹಾಕಿತು. ಆ ವರ್ಷ 14 ಪಂದ್ಯಗಳಲ್ಲಿ ಗೆದ್ದದ್ದು ಒಂದೇ.

ಹೀಗೆ ಆರಿಸುವ ಪದ್ಧತಿಯೇ ಡ್ರಾಫ್ಟ್. ಫಿಲಡೆಲ್ಫಿಯಾ ತಂಡದ ಮಾಲೀಕ ಬರ್ಟ್ ಬೆಲ್ ಅವರ ಸಲಹೆಯಂತೆ 1936ರಲ್ಲಿ ಶುರುವಾಯಿತು. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ; ಕೊನೆಯ ಸ್ಥಾನದಲ್ಲಿದ್ದವರಿಗೆ ಮೊದಲ ಸರದಿ. 2008ರ ಐಪಿಎಲ್‌ನಲ್ಲೂ 19 ವರ್ಷದೊಳಗಿನವರನ್ನು ಡ್ರಾಫ್ಟ್‌ನಲ್ಲೇ ಹಂಚಿದ್ದರು. ದೆಹಲಿ ತಂಡ ತನ್ನೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು, ಕೊಹ್ಲಿ ಬೆಂಗಳೂರಿಗೆ ಬಂದರು.

ಸರದಿ ಸಿಕ್ಕರಷ್ಟೇ ಸಾಲದು, ಪ್ರತಿಭೆ ಗುರುತಿಸುವ ಕಣ್ಣೂ ಬೇಕು. 1955ರಲ್ಲಿ ಸ್ಟೀಲರ್ಸ್ ತಾನೇ ಆರಿಸಿದ ಜಾನಿ ಯುನೈಟಸ್ ಅವರನ್ನು ಒಂದು ಪಂದ್ಯವನ್ನೂ ಆಡಿಸದೆ ಕೈಬಿಟ್ಟಿತ್ತು. ಅವರು ಬಾಲ್ಟಿಮೋರ್ ಸೇರಿ ಆ ಕಾಲದ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ತಂಡದ ದಾಳಿ ನಡೆಸುವ ಆಟಗಾರ) ಎನಿಸಿದರು.

ನೋಲ್ ಕಾಲದಲ್ಲಿ ತಂಡಕ್ಕೆ ಅಂಥ ಕಣ್ಣಾದವರು ಬಿಲ್ ನನ್. ಕಪ್ಪು ಜನರ ಪತ್ರಿಕೆ ‘ಪಿಟ್ಸ್‌ಬರ್ಗ್ ಕೊರಿಯರ್’ನ ಕ್ರೀಡಾ ಸಂಪಾದಕರಾಗಿ ಅವರು ಕಪ್ಪು ಕಾಲೇಜುಗಳ ಶ್ರೇಷ್ಠ ಆಟಗಾರರ ಪಟ್ಟಿಯನ್ನು ವರ್ಷವರ್ಷವೂ ಪ್ರಕಟಿಸುತ್ತಿದ್ದರು. ಅನೇಕ ತಂಡಗಳು ಆ ಮೈದಾನಗಳತ್ತ ತಿರುಗಿಯೂ ನೋಡದ ದಿನಗಳವು. ಅಲಬಾಮ ಎ ಅಂಡ್ ಎಂ ಕಾಲೇಜಿನ ಜಾನ್ ಸ್ಟಾಲ್‌ವರ್ತ್ ಅವರ ಓಟದ ಪರೀಕ್ಷೆ ಒದ್ದೆ ನೆಲದಲ್ಲಿ ನಡೆದಾಗ ಉಳಿದ ತಂಡದವರು ನಿರಾಸೆಯಿಂದ ಹೊರಟರಂತೆ. ಮೈ ಸರಿಯಿಲ್ಲವೆಂದು ನನ್ ಮಾತ್ರ ಅಲ್ಲೇ ಉಳಿದು, ಒಣ ನೆಲದಲ್ಲಿ ಮತ್ತೆ ಓಡಿಸಿ ನೋಡಿದರು ಎಂಬ ಕಥೆ ಇಂದಿಗೂ ಪ್ರಚಲಿತ.

1974ರ ಡ್ರಾಫ್ಟ್‌ನಲ್ಲಿ ಸ್ಟೀಲರ್ಸ್‌ಗೆ ಲಿನ್ ಸ್ವಾನ್, ಜ್ಯಾಕ್ ಲ್ಯಾಂಬರ್ಟ್, ಸ್ಟಾಲ್‌ವರ್ತ್, ಮೈಕ್ ವೆಬ್‌ಸ್ಟರ್ ಸಿಕ್ಕರು. ಯಾರೂ ಆರಿಸದೆ ಬಿಟ್ಟಿದ್ದ ಡಾನಿ ಶೆಲ್ ಕೂಡ ಆ ವರ್ಷವೇ ಬಂದರು. ಈ ಐವರಿಗೂ ಮುಂದೆ ಆಟದ ಶ್ರೇಷ್ಠರಿಗೆ ಮೀಸಲಾದ ಹಾಲ್ ಆಫ್ ಫೇಮ್ ಗೌರವ ಸಂದಿತು.

ಅತ್ತ ವಾಷಿಂಗ್ಟನ್‌ನಲ್ಲಿ 1971ರಲ್ಲಿ ಕೋಚ್ ಆದ ಜಾರ್ಜ್ ಅಲೆನ್ ಅವರಿಗೆ ಕಾಯುವ ವ್ಯವಧಾನವಿರಲಿಲ್ಲ. ಭವಿಷ್ಯವೆಂದರೆ ಇವತ್ತೇ ಎನ್ನುವುದು ಅವರ ಘೋಷಣೆ. ಮುಂದಿನ ಡ್ರಾಫ್ಟ್ ಸರದಿಗಳನ್ನು ಬಿಟ್ಟುಕೊಟ್ಟು ಪಳಗಿದ ಆಟಗಾರರನ್ನು ತಂದರು. ಒಂದೇ ಸರದಿಯನ್ನು ಎರಡೆರಡು ಕಡೆ ಮಾರಿ ದಂಡ ತೆತ್ತದ್ದೂ ಉಂಟು. ಪ್ರಾಯ ಮೀರಿದವರ ಪಡೆ ಎಂದು ಜನ ಕರೆದ ಆ ತಂಡ 1945ರ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿತು. 1972ರಲ್ಲಿ ಡಲ್ಲಾಸ್ ತಂಡವನ್ನು 26-3ರಿಂದ ಮಣಿಸಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೂ ಹೋಯಿತು. ಅಲ್ಲಿ ಮಯಾಮಿ ಎದುರು 14-7ರಿಂದ ಸೋತಿತು. ಅಲೆನ್ ಅವರ ಕೈಯಲ್ಲಿ ಅದು ಆಮೇಲೆ ಪ್ಲೇಆಫ್ ಪಂದ್ಯ ಗೆಲ್ಲಲೇ ಇಲ್ಲ. 1968ರ ಬಳಿಕ ಮೊದಲ ಸುತ್ತಿನಲ್ಲಿ ಆಟಗಾರನೊಬ್ಬನನ್ನು ಆರಿಸಲು ವಾಷಿಂಗ್ಟನ್ 1980ರವರೆಗೆ ಕಾಯಬೇಕಾಯಿತು.

ಹಾಗೆಂದು ಅಲೆನ್ ಅವರನ್ನು ತಳ್ಳಿಹಾಕುವುದು ಅನ್ಯಾಯ. ವೃತ್ತಿಪರ ಲೀಗ್‌ನಲ್ಲಿ ಅವರು ಕೋಚ್ ಆಗಿದ್ದ 12 ಋತುಗಳಲ್ಲಿ ಒಮ್ಮೆಯೂ ಗೆಲುವಿಗಿಂತ ಸೋಲು ಹೆಚ್ಚಾಗಲಿಲ್ಲ. 1983ರ ಜನವರಿಯಲ್ಲಿ ವಾಷಿಂಗ್ಟನ್ ಸೂಪರ್ ಬೌಲ್ ಗೆದ್ದಾಗ ಮುಂಚೂಣಿಯಲ್ಲಿದ್ದ ಜೋ ಥೈಸ್ಮನ್, ಜಾನ್ ರಿಗ್ಗಿನ್ಸ್ ಇಬ್ಬರೂ ಅಲೆನ್ ಕಾಲದಲ್ಲಿ ಬಂದವರೇ.

ಆದರೂ ಎರಡರಲ್ಲಿ ಮೇಲು ನೋಲ್ ಅವರ ದಾರಿಯೇ. ಮೊದಲ ಮೂರು ವರ್ಷ ಸೋಲೇ ಹೆಚ್ಚಿದ್ದರೂ ಮಾಲೀಕರಾದ ರೂನಿ ಮನೆತನ ಅವರನ್ನು ಕೈಬಿಡಲಿಲ್ಲ. 1974ರಿಂದ 1979ರವರೆಗಿನ ಆರು ಋತುಗಳಲ್ಲಿ ತಂಡ ನಾಲ್ಕು ಸೂಪರ್ ಬೌಲ್ ಗೆದ್ದಿತು. ಬಿಲ್ ನನ್ 2014ರಲ್ಲಿ ತೀರಿಕೊಂಡರು. ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2021ರಲ್ಲಿ. ಬದುಕಿದ್ದಾಗಲೇ ಸಲ್ಲಬೇಕಿದ್ದ ಗೌರವವದು.