ಹಂಪೆಯ ‘ರಾಣಿ ಸ್ನಾನಗೃಹ’: ಹೆಸರು ಮತ್ತು ವಾಸ್ತು

ಕಮಲಾಪುರದಿಂದ ಹಂಪೆಗೆ ಹೋಗುವ ದಾರಿಯಲ್ಲಿ, ವಿಜಯನಗರದ ಅರಮನೆಯ ಆವರಣಕ್ಕೆ ಆಗ್ನೇಯದಲ್ಲಿ, ಹುಲ್ಲುಹಾಸಿನ ನಡುವೆ ಚಚ್ಚೌಕವಾದ ಕಟ್ಟಡವೊಂದಿದೆ. ಪಾರ್ಶ್ವವೊಂದಕ್ಕೆ ಸುಮಾರು 30 ಮೀಟರು ಅಳತೆಯ ಇದನ್ನು ಜನರು ‘ರಾಣಿ ಸ್ನಾನಗೃಹ’ವೆಂದು ಕರೆಯುತ್ತ ಬಂದಿದ್ದಾರೆ. ಹೆಸರು ರಮ್ಯವಾದುದು, ಆದರೆ ಅದನ್ನು ಬದಿಗಿರಿಸಿ ನೋಡಿದಾಗಲೇ ಕಟ್ಟಡದ ನಿಜವಾದ ಮಹತ್ತ್ವವು ತಿಳಿಯುವುದು.

ಹೊರಗೋಡೆಗಳು ತೀರ ಸಾದಾ. ಸುತ್ತಲೂ ಕಂದಕವಿದ್ದು, ಅದನ್ನು ದಾಟಿಯೇ ಒಳಹೋಗಬೇಕು. ಹೊರಗಿನ ಈ ನಿರಾಡಂಬರತೆಯನ್ನು ಕಂಡೇ ಅಂತಃಪುರದ ಕಥೆ ಹುಟ್ಟಿರಬೇಕು. ಒಳಹೊಕ್ಕೊಡನೆ ದೃಶ್ಯವೇ ಬೇರೆ. ನಡುವೆ ಆಕಾಶಕ್ಕೆ ತೆರೆದ, ಸುಮಾರು 15 ಮೀಟರು ಚೌಕದ ಕೊಳ; ಅದರ ಸುತ್ತ ಕಮಾನುಗಳ ಮೊಗಸಾಲೆ; ನೀರಿನ ಮೇಲೆ ಮುಂಚಾಚಿದ ಗವಾಕ್ಷಗಳು. ಮೊಗಸಾಲೆಯ ಒಂದೊಂದು ಅಂಕಣಕ್ಕೂ ಬೇರೆ ಬೇರೆ ವಿನ್ಯಾಸದ ಗುಮ್ಮಟಾಕಾರದ ಮಾಡು, ಅದರಲ್ಲಿ ಗಾರೆಯ ಕುಸುರಿ. ಪಾರಸಿಕ ದೇಶಗಳ ಹಮಾಮುಗಳಲ್ಲಿರುವಂತೆ ಬಿಸಿನೀರಿನ ಕೋಣೆಗಳು ಇಲ್ಲಿಲ್ಲ. ಇದು ಮೈತೊಳೆಯುವುದಕ್ಕಿಂತ ಹೆಚ್ಚಾಗಿ ಜಲವಿಹಾರಕ್ಕೆಂದು ರಚಿತವಾದುದೆಂಬುದು ಸ್ಪಷ್ಟ. ರಾಣೀವಾಸವೆಂದು ಹೆಸರಾದ ಪ್ರಾಕಾರವಾದರೋ ಇಲ್ಲಿಂದ ದೂರ, ಅರಮನೆಯ ಆವರಣದ ಉತ್ತರಕ್ಕಿದೆ. (ಆ ಹೆಸರೂ ಸಂದೇಹಾತೀತವೇನಲ್ಲ.) ಅರಸನೂ ಆಸ್ಥಾನಿಕರೂ ವಿಹರಿಸುತ್ತಿದ್ದ ತಾಣವಿದೆಂಬ ವಿದ್ವಾಂಸರ ಊಹೆಯೇ ಹೆಚ್ಚು ಸಂಗತವೆನಿಸುತ್ತದೆ.

ನೀರಿನ ವ್ಯವಸ್ಥೆ ಈ ನಗರದ ಹೆಮ್ಮೆ. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ನಯಗೊಳಿಸಿದ ಕಲ್ಲಿನ ಕಾಲುವೆಗಳಲ್ಲಿ ಹರಿಯುವ ನೀರನ್ನು ಕಂಡು ಬರೆದಿದ್ದಾನೆ. ಕಂಬಗಳ ಮೇಲೆ ಸಾಗುವ ಅಂಥ ಕಲ್ಲುದೋಣಿಗಳು ಅರಮನೆಯ ಆವರಣದಲ್ಲಿ ಇಂದಿಗೂ ಉಳಿದಿವೆ. ಅಲ್ಲಿಯೇ 1980ರ ದಶಕದ ಉತ್ಖನನದಲ್ಲಿ ದೊರೆತ ಮೆಟ್ಟಿಲುಗಳ ಪುಷ್ಕರಣಿಯನ್ನು ಇದರೊಡನೆ ಹೋಲಿಸಬೇಕು. ಅಲ್ಲಿ ಐದು ಸ್ತರಗಳಲ್ಲಿ ಕೆಳಗಿಳಿಯುವ ಕಪ್ಪುಶಿಲೆಯ ಸೋಪಾನಗಳು. ಕಮಾನಿಲ್ಲ, ಗಾರೆಯ ಕುಸುರಿಯಿಲ್ಲ. ದೇವಾಲಯಗಳ ಶಿಲ್ಪಿಗಳ ಕೈವಾಡವೇ ಅದು. ಸ್ನಾನಗೃಹದ್ದಾದರೋ ಬಹಮನಿ ರಾಜ್ಯದಲ್ಲಿ, ಕಲಬುರಗಿ ಬೀದರಗಳಲ್ಲಿ, ಬೆಳೆದ ಕಮಾನು ಗುಮ್ಮಟಗಳ ವಾಸ್ತುಭಾಷೆ. ಒಂದೇ ಅರಸುಮನೆತನದ ನಗರದಲ್ಲಿ, ನಡೆದು ಹೋಗುವಷ್ಟು ಸಮೀಪದಲ್ಲಿಯೇ, ಎರಡು ಪರಂಪರೆಗಳೂ ಬಳಕೆಯಲ್ಲಿದ್ದವು.

ವಿಜಯನಗರವನ್ನೂ ಸುಲ್ತಾನರನ್ನೂ 1565ರ ಯುದ್ಧವೊಂದರಿಂದಲೇ ಅಳೆಯುವ ಅಭ್ಯಾಸಕ್ಕೆ ಈ ಕಟ್ಟಡವು ಒಗ್ಗುವುದಿಲ್ಲ. ಪ್ರೌಢದೇವರಾಯನೆಂದು ಪ್ರಸಿದ್ಧನಾದ ಎರಡನೆಯ ದೇವರಾಯನು ಮುಸಲ್ಮಾನ ಸೈನಿಕರನ್ನು ತನ್ನ ದಂಡಿನಲ್ಲಿ ಸೇರಿಸಿಕೊಂಡಿದ್ದನು. ಅವನ ಸೇವೆಯಲ್ಲಿದ್ದ ಅಹಮದಖಾನನು 1439ರಲ್ಲಿ ಹಂಪೆಯಲ್ಲಿ ಮಸೀದಿಯೊಂದನ್ನು ಕಟ್ಟಿಸಿ, ಅದರ ಪುಣ್ಯವು ರಾಯನಿಗೆ ಸಲ್ಲಲೆಂದು ಶಾಸನ ಹಾಕಿಸಿದನು. ಶಾಸನದಲ್ಲಿ ಅದರ ಹೆಸರು ‘ಧರ್ಮಸಾಲೆ’. ಅದರ ರಚನೆ ಕಂಬ ತೊಲೆಗಳದು, ಗುಡಿಯ ಮಂಟಪದಂತೆಯೇ. ಕಮಾನಿನ ಮಾಡು ಅಲ್ಲಿಲ್ಲ. ಹೀಗೆ ಖಾನನ ಮಸೀದಿಗೆ ಗುಡಿಯ ಕಂಬಗಳು, ರಾಯರ ಜಲವಿಹಾರಕ್ಕೆ ಸುಲ್ತಾನರ ನಾಡಿನ ಕಮಾನುಗಳು ಒದಗಿಬಂದವು.