ಜನರೇಟರ್ ‘ಲೋ ಆಯಿಲ್ ಪ್ರೆಶರ್’ ತೋರಿಸಿ ಆಫ್ ಆಗ್ತಿದೆಯಾ? ಮೆಕ್ಯಾನಿಕ್ ಬರುವ ಮುಂಚೆ ಇಷ್ಟು ನೋಡಿ

ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರಿಗೆ ಹೊಸದೇನಲ್ಲ. ಮನೆಯಲ್ಲಿ ಆಕ್ಸಿಜನ್ ಮಿಷನ್ ಮೇಲಿರುವ ಹಿರಿಯರಿದ್ದರೆ, ಫ್ರಿಜ್‌ನಲ್ಲಿ ಇನ್ಸುಲಿನ್ ಇದ್ದರೆ ಜನರೇಟರೇ ಗತಿ. ಅದೂ ಅರ್ಧ ಗಂಟೆ ಓಡಿ ಗಪ್ಪನೆ ನಿಂತು, ಪ್ಯಾನೆಲ್‌ನಲ್ಲಿ ಎಣ್ಣೆ ಕ್ಯಾನಿನ ಚಿತ್ರ ಇರುವ ಕೆಂಪು ದೀಪ ಹತ್ತಿದರೆ ಏನು ಮಾಡಬೇಕು?

ಮೊದಲು ಏನು ಮಾಡಬಾರದು ಅನ್ನೋದು. ಕೀ ತಿರುಗಿಸಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಇಂಜಿನ್ ಒಳಗೆ ಕ್ರ್ಯಾಂಕ್ ತಿರುಗುವುದು ಬೇರಿಂಗ್‌ಗೆ ತಾಗಿಕೊಂಡಲ್ಲ, ನಡುವೆ ಒತ್ತಡದಿಂದ ಬರುವ ಆಯಿಲ್‌ನ ತೆಳು ಪದರದ ಮೇಲೆ. ಆ ಒತ್ತಡ ಬಿದ್ದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಸ್ವಲ್ಪ ಹೊತ್ತಿನಲ್ಲೇ ಇಂಜಿನ್ ಸೀಜ್ ಆಗಬಹುದು. ಅದಾಗದಿರಲಿ ಅಂತಲೇ ಮಿಷನ್ ತಾನಾಗಿ ನಿಂತಿರುವುದು.

ನಿಮ್ಮಲ್ಲಿರುವುದು ಕೈಯಲ್ಲಿ ಎತ್ತಿಕೊಂಡು ಹೋಗುವ ಸಣ್ಣ ಪೆಟ್ರೋಲ್ ಜನರೇಟರ್ ಆದರೆ ವಿಷಯ ಸ್ವಲ್ಪ ಬೇರೆ. ಅಂಥ ಬಹಳಷ್ಟು ಮಾಡೆಲ್‌ಗಳಲ್ಲಿ ಇರುವುದು ಪ್ರೆಶರ್ ನೋಡುವ ಸ್ವಿಚ್ ಅಲ್ಲ, ಆಯಿಲ್ ಮಟ್ಟ ನೋಡುವ ಸ್ವಿಚ್. ಇಳಿಜಾರು ಅಂಗಳದಲ್ಲಿ ಓರೆಯಾಗಿ ಇಟ್ಟರೆ ಆಯಿಲ್ ಸರಿಯಾಗಿದ್ದರೂ ಆಫ್ ಆಗುತ್ತದೆ. ಸಮತಟ್ಟಾದ ಜಾಗಕ್ಕೆ ತಂದು, ಆಯಿಲ್ ಮಟ್ಟ ನೋಡಿ, ಕಮ್ಮಿ ಇದ್ದರೆ ಹಾಕಿ. ಅರ್ಧಕ್ಕರ್ಧ ಕೇಸು ಇಲ್ಲಿಗೇ ಮುಗಿಯುತ್ತದೆ. ಮಳೆ ಬರ್ತಿದೆ ಅಂತ ಮನೆ ಒಳಗೋ ಮುಚ್ಚಿದ ಜಗಲಿಗೋ ಮಾತ್ರ ತರಬೇಡಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಅದು ಜೀವ ತೆಗೆಯುತ್ತದೆ.

ಇನ್ನು ಶೆಡ್‌ನಲ್ಲಿ ಕೂರಿಸಿರುವ ಡೀಸೆಲ್ ಸೆಟ್. ಆಫ್ ಆದ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ತೆಗೆದು ನೋಡಿ. ಎರಡು ಗೆರೆಗಳ ನಡುವೆ ಇರಬೇಕು. ಕಮ್ಮಿ ಇದ್ದರೆ ಅದೇ ಗ್ರೇಡ್ ಆಯಿಲ್ ಸ್ವಲ್ಪ ಸ್ವಲ್ಪವೇ ಹಾಕಿ. ಜಾಸ್ತಿ ಇರಲಿ ಅಂತ ಮೇಲಿನ ಗೆರೆ ದಾಟಿಸಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆ ಎಣ್ಣೆಯಲ್ಲಿ ಪ್ರೆಶರ್ ನಿಲ್ಲುವುದಿಲ್ಲ.

ನಾವು ಹಾಕದೇ ಆಯಿಲ್ ಮಟ್ಟ ಏರಿದ್ದರೆ ಖುಷಿಪಡಬೇಡಿ. ಡಿಪ್‌ಸ್ಟಿಕ್ ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ ಡೀಸೆಲ್ ಸೋರಿ ಆಯಿಲ್‌ಗೆ ಸೇರಿ ತೆಳು ಮಾಡಿದೆ ಎಂದರ್ಥ. ಹಾಲು ಹಾಕಿದ ಕಾಫಿ ಬಣ್ಣ ಬಂದಿದ್ದರೆ ನೀರು ಸೇರಿದೆ. ಇವೆರಡರಲ್ಲಿ ಯಾವುದೇ ಆದರೂ ಮೆಕ್ಯಾನಿಕ್ ಬರುವತನಕ ಮಿಷನ್ ಮುಟ್ಟಬೇಡಿ.

ಮಟ್ಟವೂ ಬಣ್ಣವೂ ಸರಿ ಇದ್ದರೆ, ಯಾವಾಗ ಆಫ್ ಆಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಮೆಕ್ಯಾನಿಕ್‌ಗೆ ಇದಕ್ಕಿಂತ ಒಳ್ಳೆ ಸುಳಿವಿಲ್ಲ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಕಾದ ಮೇಲೆ ನಿಲ್ಲುತ್ತದೆ ಅಂದರೆ ಆಯಿಲ್ ತೆಳುವಾಗುತ್ತಿದೆ: ಹಳೇ ಆಯಿಲ್, ತಪ್ಪು ಗ್ರೇಡ್, ಅಥವಾ ಬೇರಿಂಗ್ ಸವೆದಿದೆ. ಸ್ಟಾರ್ಟ್ ಆಗಿ ಕೆಲವೇ ಸೆಕೆಂಡಿಗೆ ನಿಲ್ಲುತ್ತದೆ ಅಂದರೆ ಸೆನ್ಸರ್ ಕಡೆ ಅನುಮಾನ ಪಡಬಹುದು, ಪಂಪ್‌ನ ತೊಂದರೆಯೂ ಇರಬಹುದು. ಫಿಲ್ಟರ್ ಬದಲಿಸಿದ ಮಾರನೇ ದಿನದಿಂದ ಶುರುವಾದರೆ ಫಿಲ್ಟರನ್ನೇ ನೋಡಿ. ಹಳೇ ಫಿಲ್ಟರಿನ ರಬ್ಬರ್ ವಾಷರ್ ಇಂಜಿನ್‌ಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದನ್ನು ಕೂರಿಸಿ ಆಯಿಲ್ ಸೋರುವುದು ಅಪರೂಪವೇನಲ್ಲ.

ಮಳೆ ಬಂದಾಗ ಮಾತ್ರ, ಅಥವಾ ಲೆಕ್ಕಕ್ಕೆ ಸಿಗದ ಹಾಗೆ ಆಫ್ ಆದರೆ ವೈರ್ ನೋಡಬೇಕು. ಬಹಳ ಸೆಟ್‌ಗಳಲ್ಲಿ ಪ್ರೆಶರ್ ಸ್ವಿಚ್ಚಿಗೆ ಹೋಗುವುದು ಒಂದೇ ವೈರ್. ಇಂಜಿನ್ ನಿಂತಿದ್ದಾಗ ಸ್ವಿಚ್ ಅದನ್ನು ಬಾಡಿಗೆ ಅರ್ತ್ ಮಾಡಿರುತ್ತದೆ, ಪ್ರೆಶರ್ ಬಂದಾಗ ಬಿಡಿಸುತ್ತದೆ. ಇಲಿ ಕಡಿದ ವೈರ್ ಬಾಡಿಗೆ ತಾಗಿದರೆ ಪ್ರೆಶರ್ ಇದ್ದರೂ ಇಲ್ಲ ಅಂತಲೇ ಪ್ಯಾನೆಲ್ ತಿಳಿಯುತ್ತದೆ. ಮಲೆನಾಡಿನ ಶೆಡ್‌ಗಳಲ್ಲಿ ಇಲಿಗೇನು ಬರ!

ಅದೇ ವೈರ್ ತುಂಡಾಗಿ ಗಾಳಿಯಲ್ಲಿ ನೇತಾಡುತ್ತಿದ್ದರೆ ಇನ್ನೂ ಕಷ್ಟ. ಇಂಥ ಸೆಟ್ ಆಫ್ ಆಗುವುದೇ ಇಲ್ಲ, ಆಯಿಲ್ ಖಾಲಿಯಾದರೂ ಓಡುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು: ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಆಯಿಲ್ ದೀಪ ಇರುವ ಪ್ಯಾನೆಲ್ ಆದರೆ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತದಿದ್ದರೆ ಬಲ್ಬ್ ಹೋಗಿರಬಹುದು, ರಕ್ಷಣೆಯೇ ಹೋಗಿರಲೂಬಹುದು.

“ಸೆನ್ಸರ್ ಹೋಗಿದೆ, ವೈರ್ ಬಿಚ್ಚಿಟ್ಟು ಓಡಿಸಿ, ಏನಾಗಲ್ಲ” ಎನ್ನುವ ಸಲಹೆ ಎಲ್ಲ ಊರಲ್ಲೂ ಸಿಗುತ್ತದೆ. ಒಪ್ಪಬೇಡಿ. ಸೆನ್ಸರ್ ಹೋಗಿದೆಯೋ ಪ್ರೆಶರ್ ಇಲ್ಲವೋ ತಿಳಿಯಲು ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಮುಳ್ಳಿನ ಮೀಟರ್ ಹಾಕಿ ನೋಡುವುದೊಂದೇ ನಂಬುವ ದಾರಿ, ಅನುಭವಿ ಮೆಕ್ಯಾನಿಕ್‌ಗೆ ಅದು ದೊಡ್ಡ ಕೆಲಸವಲ್ಲ. ಮೀಟರ್ ಸರಿ ತೋರಿಸಿದರೆ ಸೆನ್ಸರ್ ಬದಲಿಸಿದರಾಯ್ತು. ತೋರಿಸದಿದ್ದರೆ ಪಂಪ್, ರಿಲೀಫ್ ವಾಲ್ವ್, ಕೆಸರು ಕಟ್ಟಿದ ಜಾಲರಿ, ಬೇರಿಂಗ್ ಇವುಗಳಲ್ಲೊಂದು. ಸೆನ್ಸರ್ ಬೆಲೆಗೂ ಕ್ರ್ಯಾಂಕ್ ಕೆಲಸದ ಬಿಲ್ಲಿಗೂ ಹೋಲಿಕೆಯೇ ಇಲ್ಲ.

ಇಷ್ಟಕ್ಕೆಲ್ಲ ಬಹುತೇಕ ಮೂಲ ಆಯಿಲ್ ಬದಲಿಸುವ ಲೆಕ್ಕ. ‘ಹೋದ ವರ್ಷ ತಾನೆ ಹಾಕಿದ್ದು’ ಅಂತ ತಿಂಗಳು ಎಣಿಸುತ್ತೇವೆ. ಜನರೇಟರ್‌ಗೆ ಎಣಿಸಬೇಕಾದ್ದು ಗಂಟೆ ಕೂಡ. ದಿನಕ್ಕೆ 10 ಗಂಟೆಯಂತೆ 30 ದಿನ ಓಡಿದರೆ 300 ಗಂಟೆ. ಗಂಟೆಗೆ 50 ಕಿ.ಮೀ.ನಂತೆ ಹೋಗುವ ಕಾರಿಗೆ ಅದು 15,000 ಕಿ.ಮೀ.! ಎಷ್ಟು ಗಂಟೆಗೆ ಅಥವಾ ಎಷ್ಟು ತಿಂಗಳಿಗೆ ಬದಲಿಸಬೇಕು ಎಂದು ನಿಮ್ಮ ಸೆಟ್‌ನ ಪುಸ್ತಕದಲ್ಲಿದೆ, ಎರಡರಲ್ಲಿ ಮೊದಲು ಬಂದದ್ದು ಲೆಕ್ಕ. ದಿನವಿಡೀ ಓಡಿಸುವಾಗ ದಿನಕ್ಕೊಮ್ಮೆ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಗಾಳಿಯಿಂದ ತಣಿಯುವ ಇಂಜಿನ್‌ಗಳು ಸ್ವಲ್ಪ ಆಯಿಲ್ ಕುಡಿಯುವುದು ಸಹಜ.

ಮೇ ಮುಗಿಯುವುದರೊಳಗೆ ಒಂದು ಕ್ಯಾನ್ ಆಯಿಲ್, ಒಂದು ಒರಿಜಿನಲ್ ಫಿಲ್ಟರ್ ಮನೆಯಲ್ಲಿ ತಂದಿಟ್ಟುಕೊಳ್ಳಿ. ರಸ್ತೆ ಬಂದ್ ಆದ ದಿನ ಪೇಟೆಗೆ ಹೋಗಿ ತರಲು ಆಗುವುದಿಲ್ಲ.