ಖಳನಾಯಕನ ಬಾಯಿ ಕಟ್ಟಿದವರು ಯಾರು?

ಶಿರಸಿ ಸೀಮೆಯ ಹೆಗಡೆಕಟ್ಟಾದಂಥ ಊರುಗಳಲ್ಲಿ ಮಳೆಗಾಲ ಕಳೆದು ಯಕ್ಷಗಾನದ ಆಟಗಳು ಆರಂಭವಾದರೆ ಚಂಡೆಯ ಸದ್ದು ಅಡಿಕೆ ತೋಟಗಳನ್ನು ದಾಟಿ ಕೇಳಿಬರುತ್ತದೆ. ನಮ್ಮವರಲ್ಲೂ ಆಟ ನೋಡಿ ಬೆಳೆದವರು ಕಡಿಮೆಯಿಲ್ಲ. ಅಂಥವರನ್ನು ಕೇಳಿ ನೋಡಿ: ನೆನಪಿನಲ್ಲಿ ಉಳಿದ ವೇಷ ಯಾವುದು? ಹಲವರು ಹೇಳುವುದು ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಭಸ್ಮಾಸುರ, ಕೀಚಕ, ದುಷ್ಟಬುದ್ಧಿಗಳನ್ನು. ಮೂವರೂ ಖಳರೇ!

ಆ ರಂಗದಲ್ಲಿ ಖಳನಿಗೆ ಕುಣಿತವಿದೆ, ಆಸೆಯಿದೆ, ಎಲ್ಲಕ್ಕಿಂತ ಮಿಗಿಲಾಗಿ ಮಾತಿದೆ. ತಾಳಮದ್ದಳೆಯಲ್ಲಿ ಮರೆಯಿಂದ ಬಾಣ ಹೂಡಿದ ರಾಮನನ್ನು ವಾಲಿ ಪ್ರಶ್ನಿಸುತ್ತಾನೆ. ರಾಮನ ಅರ್ಥಧಾರಿ ಉತ್ತರ ಕೊಡಲೇಬೇಕು. ಭಸ್ಮಾಸುರನಂತೂ ಯಾರ ಹೊಡೆತದಿಂದಲೂ ಸಾಯುವುದಿಲ್ಲ. ಮೋಹಿನಿಯ ಮೋಹದಲ್ಲಿ ತನ್ನ ಕೈಯನ್ನು ತನ್ನ ತಲೆಯ ಮೇಲೆಯೇ ಇಟ್ಟು ಬೂದಿಯಾಗುತ್ತಾನೆ.

ಈಗ ನಿಮ್ಮ ಮಕ್ಕಳು ನೋಡುವ ವ್ಯಂಗ್ಯಚಿತ್ರ ಸರಣಿಗಳನ್ನು ಗಮನಿಸಿ. ಅಲ್ಲಿನ ಅನೇಕ ಖಳರು ಅಟ್ಟಹಾಸ ಮಾಡುತ್ತಾರೆ, ಪೆಟ್ಟು ತಿನ್ನುತ್ತಾರೆ, ಮರುದಿನ ಮತ್ತೆ ಬರುತ್ತಾರೆ. ತಾವೇಕೆ ಹೀಗಾದೆವೆಂದು ಹೇಳಲು ಅವರಿಗೆ ಅವಕಾಶವಿಲ್ಲ. ಇದರ ಹಿಂದೊಂದು ಇತಿಹಾಸವಿದೆ. ಅದರಲ್ಲಿ ನಮ್ಮ ಧರ್ಮಸಭೆಯ ಪಾತ್ರವೂ ಇದೆ.

1938ರಲ್ಲಿ ಅಮೆರಿಕದಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ ಮೇಲೆ ಚಿತ್ರಕಥೆಯ ಪುಸ್ತಕಗಳು ಕೋಟಿಗಟ್ಟಲೆ ಮಾರಾಟವಾದವು. ಬೆನ್ನಲ್ಲೇ ಕೊಲೆ, ದರೋಡೆಗಳ ಕಥೆಗಳೂ ಬಂದವು. ಅದೇ 1938ರಲ್ಲಿ ಅಲ್ಲಿನ ಕಥೋಲಿಕ ಧರ್ಮಾಧ್ಯಕ್ಷರು ಸಭ್ಯ ಸಾಹಿತ್ಯಕ್ಕಾಗಿ ಒಂದು ಕಚೇರಿ ತೆರೆದಿದ್ದರು; ಮುಂದೆ ಅದು ಆಕ್ಷೇಪಾರ್ಹ ಚಿತ್ರಕಥೆಗಳ ಪಟ್ಟಿಯನ್ನೂ ಹೊರಡಿಸಿತು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಪಟ್ಟಣದ ಒಂದು ಕಥೋಲಿಕ ಶಾಲೆಯಲ್ಲಿ ವಿದ್ಯಾರ್ಥಿಗಳೇ ಇಂಥ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಮಹಾಯುದ್ಧದಲ್ಲಿ ನಾಜಿಗಳನ್ನು ಸೋಲಿಸಿ ಮೂರೇ ವರ್ಷವಾಗಿತ್ತು. ಪುಸ್ತಕ ಸುಡುವ ದೃಶ್ಯ ಯಾರನ್ನು ನೆನಪಿಸುತ್ತದೆಂದು ಆ ಹಿರಿಯರಿಗೆ ಹೊಳೆಯದೇ ಹೋದದ್ದು ನನಗೆ ಸೋಜಿಗ.

1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರ ಪುಸ್ತಕ ಕೋಲಾಹಲವೆಬ್ಬಿಸಿತು, ಸೆನೆಟ್ ವಿಚಾರಣೆ ನಡೆಯಿತು. ಹೆದರಿದ ಪ್ರಕಾಶಕರು ತಾವೇ ಒಂದು ನಿಯಮಾವಳಿ ರಚಿಸಿಕೊಂಡರು. ಪ್ರತಿ ಕಥೆಯಲ್ಲೂ ಒಳ್ಳೆಯದೇ ಗೆಲ್ಲಬೇಕು. ಅಪರಾಧಿಯ ಬಗ್ಗೆ ಓದುಗನಿಗೆ ಅನುಕಂಪ ಹುಟ್ಟಬಾರದು. ಉದ್ದೇಶ ಕೆಟ್ಟದ್ದಲ್ಲ; ಆ ಕಾಲದ ಕೆಲವು ಮುಖಪುಟಗಳು ನಿಜಕ್ಕೂ ಭೀಕರವಾಗಿದ್ದವು. ಆದರೆ ಅನುಕಂಪಕ್ಕೇ ನಿಷೇಧ! ಯೇಸುಸ್ವಾಮಿ ಬಲಗಡೆಯ ಕಳ್ಳನೊಂದಿಗೆ ಆಡಿದ ಮಾತು ಈ ನಿಯಮದಡಿ ಅಚ್ಚಾಗುತ್ತಿತ್ತೇ? 1971ರಲ್ಲಿ ಈ ಕಟ್ಟುಪಾಡು ಸಡಿಲವಾಯಿತು, 2011ರಲ್ಲಿ ಸಂಪೂರ್ಣ ಕೊನೆಗೊಂಡಿತು. ಅಷ್ಟರಲ್ಲಿ ಮೂಕ ಖಳನ ಅಚ್ಚು ಲೋಕವೆಲ್ಲ ಹರಡಿತ್ತು.

ನಮ್ಮಲ್ಲಿ ಅಮರ ಚಿತ್ರಕಥೆ ಮೊದಲು ಬಂದದ್ದು ಕನ್ನಡದಲ್ಲೇ, 1965ರಲ್ಲಿ, ಬೆಂಗಳೂರಿನಿಂದ. ಆ ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲಾಳಂಥ ವಿದೇಶಿ ಕಥೆಗಳು. ಬಳಿಕ ನಮ್ಮ ಪುರಾಣಗಳತ್ತ ಮಾಲೆಯನ್ನು ಹೊರಳಿಸಿದ ಅನಂತ ಪೈ (1929–2011) ಹುಟ್ಟಿದ್ದು ಕಾರ್ಕಳದಲ್ಲಿ, ಅತ್ತೂರು ಜಾತ್ರೆಯ ಕಾರ್ಕಳವೇ. ಮುಂದೆ ಅದೇ ಮಾಲೆಯಲ್ಲಿ ಯೇಸುಕ್ರಿಸ್ತರ ಕಥೆಯೂ ಬಂತು. ಅಮೆರಿಕದ ನಿಯಮಾವಳಿ ಇವರನ್ನು ಕಟ್ಟಿಹಾಕಿರಲಿಲ್ಲ. ಆದರೂ ರಾಕ್ಷಸರಿಗೆ ಹೆಚ್ಚಾಗಿ ಸಿಕ್ಕಿದ್ದು ಕಪ್ಪು ಅಥವಾ ಹಸಿರು ಮೈಬಣ್ಣ, ಕೋರೆಹಲ್ಲು. ಮೂವತ್ತೆರಡು ಪುಟಗಳಲ್ಲಿ ವಾಲಿಯ ವಾದಕ್ಕೆ ಎಷ್ಟು ಜಾಗ ಸಿಕ್ಕೀತು? ಕಪ್ಪು ಮೈಬಣ್ಣದ ಮಗು ಅದನ್ನೋದಿ ಏನೆಂದುಕೊಂಡಿತೋ, ತಾಯಂದಿರೇ ಹೇಳಬೇಕು.

ದೂರದರ್ಶನದಲ್ಲಿ ಬಂದ 'ಹೀ-ಮ್ಯಾನ್' (1983) ಆಟಿಕೆಗಳ ಮಾರಾಟಕ್ಕೆಂದೇ ಹುಟ್ಟಿದ ಸರಣಿ. ಅದರ ತಲೆಬುರುಡೆಯ ಖಳ ಸಾಯುವಂತಿರಲಿಲ್ಲ, ಅವನ ಬೊಂಬೆಯೂ ಮಾರಾಟಕ್ಕಿತ್ತು. ಕಂತಿನ ಕೊನೆಗೆ ನೀತಿಪಾಠ ಬೇರೆ! 2008ರಲ್ಲಿ ಬಂದ 'ಛೋಟಾ ಭೀಮ್'ನ ಕಾಲಿಯಾ ನನಗೆ ಹೆಚ್ಚು ಇಷ್ಟ. ಹೊಟ್ಟೆಕಿಚ್ಚಿನವನಾದರೂ ಅದೇ ಊರಿನ ಹುಡುಗ. ಒಮ್ಮೊಮ್ಮೆ ಭೀಮನ ಜೊತೆಗೇ ನಿಲ್ಲುತ್ತಾನೆ.

ಶುಭ ಶುಕ್ರವಾರದಂದು ಯೇಸುವಿನ ಯಾತನೆಯ ವೃತ್ತಾಂತವನ್ನು ಪಾತ್ರಗಳಾಗಿ ಹಂಚಿಕೊಂಡು ಓದುವುದುಂಟಲ್ಲವೇ? ಯೇಸುವಿನ ಮಾತು ಗುರುಗಳದ್ದು. ಆತನನ್ನು ಶಿಲುಬೆಗೇರಿಸಿರೆಂದು ಕೂಗುವ ಗುಂಪಿನ ಮಾತು ಮಾತ್ರ, ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ ನಮ್ಮೆಲ್ಲರದು.